ಅಣ್ಣನ ಅಕ್ಷರ, ತಮ್ಮನ ವಾರ್ನಿಷ್

ಚಲುವಣ್ಣನಿಗೆ ಮನುಷ್ಯರ ಹೆಸರು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಅವರ ಬೋರ್ಡು ಯಾವ ಮರದ್ದು ಎಂಬುದು ಮಾತ್ರ ಉಳಿಯುತ್ತಿತ್ತು. ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ಕ್ಲಿನಿಕ್ ಇಟ್ಟಿದ್ದವರು ಅವನ ಪಾಲಿಗೆ ‘ತೇಗದ ಡಾಕ್ಟ್ರು’. ನಮ್ಮ ಬೀದಿಯ ತುದಿಯಲ್ಲಿ ರವಿಕೆ ಹೊಲಿಯುವವರು ‘ಅಲಸಿನ ಟೈಲರು’. ಒಬ್ಬ ವಕೀಲರು ಸುಲಭಕ್ಕೆ ಸಿಕ್ಕಿತೆಂದು ಮಾವಿನ ಹಲಗೆಯ ಮೇಲೆ ಹೆಸರು ಬರೆಸಿಕೊಂಡಿದ್ದರು. ಎಷ್ಟು ಕೇಸು ಗೆದ್ದರೂ ಅವರು ಕೊನೆಯವರೆಗೆ ‘ಮಾವಿನ ಲಾಯ್ರು’ ಆಗಿಯೇ ಉಳಿದರು. ಒಮ್ಮೆ ನಮ್ಮಮ್ಮನಿಗೆ ಜ್ವರ ಬಂದಾಗ ಡಾಕ್ಟರನ್ನು ಕರೆತರಲು ಹೋದ ಚಲುವಣ್ಣ ಒಬ್ಬನೇ ವಾಪಸು ಬಂದು ಬಾಗಿಲಲ್ಲಿ ನಿಂತು, ತೇಗದವರು ಊರಲ್ಲಿಲ್ಲವಂತೆ, ಪ್ಲೈವುಡ್ಡಿನವರನ್ನು ಕರೆಯಲೇ ಎಂದು ಕೇಳಿದ. ಅಮ್ಮ ಕಂಬಳಿಯೊಳಗಿಂದಲೇ, “ಬೇಡಪ್ಪ, ಕಷಾಯ ಕುಡಿದು ಮಲಗ್ತೀನಿ” ಅಂದರು.

ನನಗೆ ಬೋರ್ಡಿರಲಿಲ್ಲ. ಹಾಗಾಗಿ ನಾನು ಯಾವ ಮರಕ್ಕೂ ಸೇರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಶೀಲ್ಡುಗಳನ್ನು ಜಗಲಿಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದೆ. ಅವುಗಳನ್ನು ನೋಡಿ ನನ್ನನ್ನು ‘ಲಾಯ್ರಮ್ಮ’ ಎಂದು ಕರೆದ. ಶೀಲ್ಡನ್ನು ಕೈಗೆತ್ತಿಕೊಂಡು ಹಿಂದೆ ತಿರುಗಿಸಿ ನೋಡಿದವನು ಅವನೊಬ್ಬನೇ. “ಬೆನ್ಗೆ ಬಣ್ಣಾನೇ ಒಡ್ದಿಲ್ಲ ಕಣವ್ವ. ಮೋಸ ಮಾಡವ್ರೆ” ಎಂದು ಬಹಳ ಮರುಗಿದ.

ನಮ್ಮ ಮನೆಯ ಮುಂದಿನ ಕೊಠಡಿ ಬೀದಿಗೇ ತೆರೆದುಕೊಂಡಿತ್ತು. ಅದನ್ನು ಅಪ್ಪ ಬಾಡಿಗೆಗೆ ಕೊಟ್ಟಿದ್ದರು. ನಾನು ಪಿಯುಸಿಯಲ್ಲಿದ್ದಾಗ ಅಲ್ಲಿಗೆ ಅಣ್ಣತಮ್ಮಂದಿರಿಬ್ಬರು ಬಂದರು. ಶೀಳನೆರೆ ಕಡೆಯ ಒಕ್ಕಲು ಮನೆಯವರು. ಅಣ್ಣ ನಿಂಗಣ್ಣ ಮೈಸೂರಿನಲ್ಲಿ ನಾಟಕದ ಪರದೆ ಬರೆಯುವವರ ಹತ್ತಿರ ಅಕ್ಷರ ಕಲಿತವನು. ತಮ್ಮ ಚಲುವಣ್ಣ ಬಡಗಿಯೊಬ್ಬರ ಕೈಕೆಳಗೆ ಮರ ಕಲಿತವನು. ಇಬ್ಬರೂ ಸೇರಿ ಅಂಗಡಿ, ಹೋಟೆಲು, ಗಿರಣಿಗಳಿಗೆ ಮರದ ಬೋರ್ಡು ಮಾಡಿಕೊಡುತ್ತಿದ್ದರು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದವರೆಗೂ ಬಸ್ಸಿನ ಟಾಪಿನ ಮೇಲೆ ಅವರ ಬೋರ್ಡುಗಳು ಹೋಗುತ್ತಿದ್ದವು. ಆಗ ತಗಡಿನ ಬೋರ್ಡು, ರೇಡಿಯಂ ಸ್ಟಿಕ್ಕರು ಬಂದಾಗಿತ್ತು. ಎಸ್‌ಟಿಡಿ ಬೂತುಗಳೆಲ್ಲ ತಗಡಿಗೇ ಹೋಗಿದ್ದವು. ಆದರೆ ಹೊಸದಾಗಿ ಅಂಗಡಿ ತೆರೆಯುವ ಹಳ್ಳಿಯವರಿಗೆ ಮರದ ಮೇಲೆ ಹೆಸರು ಕೂತರೇ ಅಂಗಡಿ ನಿಲ್ಲುತ್ತದೆ ಎಂಬ ನಂಬಿಕೆ ಇನ್ನೂ ಇತ್ತು.

ಕೆಲಸ ಹಂಚಿಕೆ ಸ್ಪಷ್ಟವಾಗಿತ್ತು. ಹಲಗೆ ಆರಿಸುವುದು, ಒಣಗಿಸುವುದು, ಉಜ್ಜುವುದು, ಬಣ್ಣಕ್ಕೆ ಮೊದಲು ಅಸ್ತರು ಹೊಡೆಯುವುದು ಚಲುವಣ್ಣ. ಬರೆಯುವುದು ನಿಂಗಣ್ಣ. ಬರೆದದ್ದು ಒಣಗಿದ ಮೇಲೆ ಮಳೆಬಿಸಿಲಿಗೆ ಜಗ್ಗದಂತೆ ವಾರ್ನಿಷ್ ಹೊಡೆದು ಮುಚ್ಚುವುದು ಮತ್ತೆ ಚಲುವಣ್ಣ. ನಿಂಗಣ್ಣ ಮಾತೇ ಆಡದ ಮನುಷ್ಯ. ಅವನ ‘ಶ್ರೀ’ ನೋಡಬೇಕಿತ್ತು. ಕುಳಿತ ನವಿಲು ಕತ್ತು ತಿರುಗಿಸಿದ ಹಾಗೆ ಇರುತ್ತಿತ್ತು. ಆ ಮೌನದ ಬಾಕಿಯನ್ನೆಲ್ಲ ತಮ್ಮ ತೀರಿಸುತ್ತಿದ್ದ. ಬಂದ ಗಿರಾಕಿಗಳಿಗೆಲ್ಲ ಎದೆ ತಟ್ಟಿಕೊಂಡು ಹೇಳುತ್ತಿದ್ದುದು ಒಂದೇ ಮಾತು: “ಅಕ್ಸರ ಅವನ್ದು, ಆಯಸ್ಸು ನಂದು.”

ಚಲುವಣ್ಣ ಮೊದಲು ಬೋರ್ಡಿನ ಬೆನ್ನಿಗೆ ವಾರ್ನಿಷ್ ಹೊಡೆಯುತ್ತಿದ್ದ. ಆಮೇಲೆ ಗರಗಸದಲ್ಲಿ ಕೊಯ್ದ ತುದಿಗಳಿಗೆ, ಅದೂ ಮತ್ತೆ ಮತ್ತೆ, ಹಲಗೆ ಕುಡಿಯುವುದನ್ನು ನಿಲ್ಲಿಸುವವರೆಗೆ. ಮುಖಕ್ಕೆ ಕೊನೆಯಲ್ಲಿ. ಗೋಡೆಗೆ ಆತುಕೊಳ್ಳುವ ಬೆನ್ನನ್ನು ಯಾರು ನೋಡುತ್ತಾರೆ, ಯಾಕಿಷ್ಟು ದಂಡ ಎಂದು ನಾನು ವಾದ ಹೂಡಿದ್ದೆ. “ನೀರ್‌ಗೆ ಓದಕ್ಕೆ ಬರಾಕಿಲ್ಲ ಕಣವ್ವ. ಮುಂದ್ಗಡೆಯಿಂದ್ಲೇ ಬರ್ಬೇಕು ಅಂತ ಅದ್ಕೆ ಯಾರು ಏಳ್ಕೊಟ್ಟವ್ರೆ?” ಅಂದ. ಆ ಸುತ್ತು ಅವನದೇ ಎಂದು ಒಪ್ಪಿಕೊಂಡೆ. ಆದರೆ ಎಲ್ಲ ಸುತ್ತೂ ಅವನದಾಗುತ್ತಿರಲಿಲ್ಲ. ಅಮಾವಾಸ್ಯೆಯ ದಿನ ವಾರ್ನಿಷ್ ಡಬ್ಬ ತೆರೆದರೆ ಗುಳ್ಳೆ ಏಳುತ್ತದೆ, ಸೀನಿದವರ ಎದುರು ಹೊಡೆದರೆ ಹೊಳಪು ಕೂರುವುದಿಲ್ಲ, ಬ್ರಷ್ಷನ್ನು ಎಡಗೈಯಲ್ಲಿ ಹಿಡಿದರೆ ಅಂಗಡಿಗೆ ನಷ್ಟ ಎಂದೆಲ್ಲ ಸಾಧಿಸುತ್ತಿದ್ದ. ಒಂದು ಅಮಾವಾಸ್ಯೆ ನಾನೇ ಅವನಿಗೆ ಕಾಣದಂತೆ ಒಂದು ತುಂಡು ಹಲಗೆಗೆ ಎಡಗೈಯಲ್ಲಿ ವಾರ್ನಿಷ್ ಹೊಡೆದು, ಬೇಕೆಂದೇ ಅದರ ಎದುರು ಸೀನಿ, ಮಾರನೆಯ ವಾರ ಹೊಳೆಯುವ ಹಲಗೆಯನ್ನು ಅವನ ಮುಂದಿಟ್ಟೆ. ಚಲುವಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, “ನೀನು ಸೀನಿದ್ದು ಸುಳ್ ಸೀನು. ಅದು ಲೆಕ್ಕಕ್ಕಿಲ್ಲ” ಎಂದು ತೀರ್ಪು ಕೊಟ್ಟ. ನಿಂಗಣ್ಣ ಮೂಲೆಯಲ್ಲಿ ಕುಂಚ ಹಿಡಿದುಕೊಂಡೇ ಭುಜ ಕುಣಿಸಿ ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಚಲುವಣ್ಣನ ನಿಜವಾದ ವೈರಿ ಮಳೆಯಲ್ಲ, ಆಯುಧಪೂಜೆ. ನಮ್ಮ ಕಡೆ ಆ ದಿನ ಟ್ರಾಕ್ಟರು, ತಕ್ಕಡಿ, ಹೊಲಿಗೆ ಯಂತ್ರಗಳ ಜೊತೆ ಅಂಗಡಿಯ ಬೋರ್ಡಿಗೂ ಸ್ನಾನ. ಕೆಳಗಿಳಿಸಿ, ತೊಳೆದು, ವಿಭೂತಿ ಎಳೆದು, ಕುಂಕುಮ ಇಟ್ಟು, ಮತ್ತೆ ಏರಿಸುತ್ತಾರೆ. ಶ್ರೀರಂಗಪಟ್ಟಣದಲ್ಲಿ ಒಬ್ಬ ಹೋಟೆಲಿನವರು ದೇವರ ಮನೆಯ ದೀಪ ಬೆಳಗಿದ ಹುಣಸೆಹಣ್ಣಿನಲ್ಲೇ ಬೋರ್ಡನ್ನೂ ತಿಕ್ಕಿಸಿದ್ದರು. ಸುದ್ದಿ ತಿಳಿದ ಚಲುವಣ್ಣ ಅಲ್ಲಿಗೇ ಹೋಗಿ ಒಂದು ಕಾಫಿ ಕುಡಿದು, ಗಲ್ಲಾದ ಮುಂದೆ ನಿಂತು, ತಮ್ಮ ಮಕ್ಕಳ ಮುಖವನ್ನೂ ಹುಣಸೆಹಣ್ಣಿನಲ್ಲೇ ತೊಳೆಯುತ್ತೀರಾ ಸ್ವಾಮಿ ಎಂದು ವಿನಯದಿಂದ ವಿಚಾರಿಸಿ ಬಂದನಂತೆ. ಮರುವರ್ಷದಿಂದ ಆ ಹೋಟೆಲಿನಲ್ಲಿ ಬೋರ್ಡಿಗೆ ಒದ್ದೆ ಬಟ್ಟೆ ಮಾತ್ರ.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂದೆಗೆಯುತ್ತದೆ.

ನಾನು ಡಿಗ್ರಿಗೆ ಸೇರಿದ ವರ್ಷ ಆಯುಧಪೂಜೆಗೆ ಮುಂಚೆ ನಾಲ್ಕೂ ತಾಲ್ಲೂಕಿನಿಂದ ಕೆಲಸ ಬಂತು. ಹಬ್ಬದ ದಿನವೇ ಬೋರ್ಡು ಏರಬೇಕು ಎಂದು ಎಲ್ಲರದೂ ಹಟ. ಅದೇ ಹೊತ್ತಿಗೆ ನಿಂಗಣ್ಣನ ಕಣ್ಣು ಹಳದಿಗೆ ತಿರುಗಿತು. ಕಾಮಾಲೆ. ಊಟ ಸೇರುತ್ತಿರಲಿಲ್ಲ. ಆದರೂ ಗೋಡೆಗೆ ಒರಗಿ ಕುಳಿತು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದ. ನಾಗಮಂಗಲದ ಆಚೆ ಕಾಮಾಲೆಗೆ ನಾಟಿ ಔಷಧಿ ಕೊಡುತ್ತಾರೆಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಬಂದು ಮತ್ತೆ ಬರೆಯುತ್ತಿದ್ದ.

ಅವನು ಬಳಸುತ್ತಿದ್ದುದು ಅಗಸೆ ಎಣ್ಣೆಯ ಬಣ್ಣ. ಅದು ಮೇಲೆ ಒಣಗಿದಂತೆ ಕಂಡರೂ ಒಳಗೆ ಬಹಳ ಕಾಲ ಮೆತ್ತಗಿರುತ್ತದೆ. ಚಲುವಣ್ಣ ಎಂದೂ ಅವಸರ ಮಾಡಿದವನಲ್ಲ. ಆ ಸಲ ಹಬ್ಬ ಎದುರಿಗೆ ನಿಂತಿತ್ತು. ಮೈಸೂರಿನಿಂದ ಅರಗಿನ ಪಾಲೀಶು ತಂದ. ಸ್ಪಿರಿಟ್ಟಿನಲ್ಲಿ ಕರಗಿಸಿದ್ದು, ಹೊಡೆದ ತಕ್ಷಣ ಒಣಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಮೊದಲ ಬೋರ್ಡಿನ ಮೇಲೆ ಅದನ್ನು ಹೊಡೆಯಲು ಕುಂಚ ಎತ್ತಿದಾಗ ನಾನು ಅಲ್ಲೇ ಜಗಲಿಯಲ್ಲಿ ಓದುತ್ತ ಕುಳಿತಿದ್ದೆ.

ನಿಂಗಣ್ಣ ಹೇಳಿದ: “ಬಣ್ಣ ಇನ್ನೂ ಅಸಿ ಅದೆ ಕಣ್ಲಾ.”

“ಗೊತ್ತದೆ ಸುಮ್ಕಿರು. ನಿನ್ ಕೆಲ್ಸ ಮುಗೀತು. ಇನ್ನು ನನ್ದು.”

ನಿಂಗಣ್ಣ ಮುಂದಿನ ಹಲಗೆಯನ್ನು ತೊಡೆಗೆ ಎಳೆದುಕೊಂಡ. ಬೋರ್ಡುಗಳೆಲ್ಲ ಹಬ್ಬದ ಹೊತ್ತಿಗೆ ಹೊಳೆಯುತ್ತ ಹೊರಟವು. ದೀಪಾವಳಿಯ ಹೊತ್ತಿಗೆ ನಿಂಗಣ್ಣ ತೀರಿಕೊಂಡ.

ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಮೊದಲ ಸುದ್ದಿ ಕೆ.ಆರ್. ಪೇಟೆಯಿಂದ ಬಂತು. ಸೈಕಲ್ ಶಾಪಿನ ಬೋರ್ಡು ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿದೆ, ಸಿಪ್ಪೆಯ ಜೊತೆ ಅಕ್ಷರವೂ ಎದ್ದು ಬರುತ್ತಿದೆ ಎಂದು. ಆಮೇಲೆ ಒಂದಾದ ಮೇಲೊಂದು. ಬೀದಿಯಲ್ಲಿ ಮಾತು ಹುಟ್ಟಲು ತಡವಾಗಲಿಲ್ಲ. ಬರೆದವನೇ ಹೋದ, ಅವನ ಅಕ್ಷರಗಳೂ ಅವನ ಹಿಂದೆ ಹೋಗುತ್ತಿವೆ ಎಂದು ಜನ ದನಿ ತಗ್ಗಿಸಿ ಹೇಳಿಕೊಂಡರು. ನಮ್ಮಮ್ಮನೂ ಅದನ್ನು ನಂಬಿ ಮುಂದಿನ ಕೊಠಡಿಯ ಹೊಸ್ತಿಲಿಗೆ ದೀಪ ಇಟ್ಟರು. ಚಲುವಣ್ಣನಿಗೆ ಆ ಮಾತು ಯಾರು ತಲುಪಿಸಿದರೋ, ಅದು ಅವನಿಗೆ ಬೆಚ್ಚನೆಯ ಹೊದಿಕೆಯಾಯಿತು. ನನ್ನ ಹತ್ತಿರವೂ ಹೇಳಿದ: “ಅಣ್ಣ ಬಂದು ಕರ್ಕೊಂಡೋಯ್ತಾವ್ನೆ ಕಣವ್ವ, ಒಂದೊಂದೇ ಅಕ್ಸರ. ಅವನ್ವು ತಾನೆ. ಓಗ್ಲಿ ಬುಡು.”

ಹೇಳುವಾಗ ಅವನ ಮುಖದಲ್ಲಿ ದುಃಖವಿತ್ತು. ಆದರೆ ಒಂದು ನೆಮ್ಮದಿಯೂ ಇತ್ತು. ನನಗೆ ಕಂಡದ್ದು ಮೂಢನಂಬಿಕೆ ಮಾತ್ರ.

ಅದೇ ತಿಂಗಳು ನಾನು ಮೂಢನಂಬಿಕೆಯ ವಿರುದ್ಧ ಮಾತಾಡಿ ಶೀಲ್ಡು ತಂದಿದ್ದೆ. ನಮ್ಮ ಮನೆಯ ಹೊಸ್ತಿಲಲ್ಲೇ ಅದನ್ನು ಬಿಟ್ಟುಕೊಡಲಾದೀತೇ? ಚಲುವಣ್ಣನನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. ನಿಂಗಣ್ಣ ತನ್ನ ಅಕ್ಷರ ವಾಪಸು ತೆಗೆದುಕೊಳ್ಳುವುದಾದರೆ ಹಿಂದಿನ ವರ್ಷಗಳಲ್ಲಿ ಬರೆದವನ್ನು ಯಾಕೆ ಬಿಟ್ಟ? ಹೋಟೆಲಿನ ಬೋರ್ಡು ಯಾಕೆ ಹಾಗೇ ಇದೆ? ತೇಗದ ಡಾಕ್ಟರದ್ದು ಯಾಕೆ ಹೊಳೆಯುತ್ತಿದೆ? ಆ ಒಂದು ಹಬ್ಬಕ್ಕೆ ಹೊರಟ ಬೋರ್ಡುಗಳನ್ನಷ್ಟೇ ಹುಡುಕಿ ಹುಡುಕಿ ತೆಗೆಯುವ ಆತ್ಮ ಎಂಥದು? ಚಲುವಣ್ಣ ಕೈಲಿದ್ದ ಕುಂಚದ ಕೂದಲು ಬಿಡಿಸತೊಡಗಿದ. ನನ್ನ ಎದುರಾಳಿ ತಡವರಿಸಿದ್ದಾನೆ ಎಂದುಕೊಂಡು ನಾನು ಇನ್ನೂ ಮುಂದೆ ಹೋದೆ. ಎರಡು ಹಲಗೆ ತೆಗೆದುಕೊಂಡು ಎರಡಕ್ಕೂ ಅದೇ ಡಬ್ಬದ ಬಣ್ಣ ಬಳಿದೆ. ಒಂದಕ್ಕೆ ಮಾರನೆಯ ದಿನವೇ ಅರಗಿನ ಪಾಲೀಶು ಹೊಡೆದೆ, ಇನ್ನೊಂದನ್ನು ಪೂರ್ತಿ ಒಣಗಲು ಬಿಟ್ಟು ಆಮೇಲೆ ಹೊಡೆದೆ. ಎರಡನ್ನೂ ತಾರಸಿಯ ಬಿಸಿಲಿಗೆ ಹಾಕಿದೆ. ಬೇಸಿಗೆ ಮುಗಿಯುವ ಮೊದಲೇ ಒಂದು ಬಿರಿದಿತ್ತು, ಇನ್ನೊಂದು ಹಾಗೇ ಇತ್ತು. ಕೆಳಗಿನದು ಮೆತ್ತಗಿದ್ದು ಮೇಲಿನದು ಗಾಜಾದರೆ ಒಡೆಯದೆ ಇನ್ನೇನಾಗುತ್ತದೆ? ಎರಡನ್ನೂ ತಂದು ಅವನ ಮುಂದೆ ಅಕ್ಕಪಕ್ಕ ಇಟ್ಟೆ.

ಅವನು ಬಿರಿದ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಸುಳ್ಳು ಸೀನಿನ ಮಾತು ಬರಬಹುದೆಂದು ಕಾದೆ. ಬರಲಿಲ್ಲ.

“ಸರಿ ಕಣವ್ವ” ಅಂದ. ಅಷ್ಟೇ.

ಅಮ್ಮ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ರಾತ್ರಿ ಊಟ ಬಡಿಸುವಾಗ, “ನಿನ್ನ ಮಾತು ಸರಿಯೇ ಇರಬಹುದು. ಆ ಮನುಷ್ಯನ ಹತ್ತಿರ ಇದ್ದದ್ದು ಅದೊಂದೇ ಅಲ್ಲವೇ?” ಎಂದರು. ಹಾಗಾದರೆ ಸುಳ್ಳನ್ನು ಉಳಿಸಬೇಕಿತ್ತೇ ಎಂದು ನಾನು ತಿರುಗಿಬಿದ್ದೆ. ಅವರು ಸಾರು ಬಡಿಸಿ ಒಳಗೆ ಹೋದರು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇದ್ದಿದ್ದರೆ ಕ್ಷಮೆ ಕೇಳುವುದು ಸುಲಭವಿತ್ತು.

ಮಾರನೆಯ ದಿನದಿಂದ ಚಲುವಣ್ಣ ಹೊಸ ಕೆಲಸ ಹಿಡಿಯುವುದನ್ನು ನಿಲ್ಲಿಸಿದ. ಬಿರಿದ ಬೋರ್ಡುಗಳನ್ನೆಲ್ಲ ತಾನೇ ಹೋಗಿ ಇಳಿಸಿ ತರತೊಡಗಿದ. ಅಂಗಡಿಯವರಲ್ಲಿ ಕೆಲವರು ತಗಡು ಹಾಕಿಸಿಕೊಳ್ಳುತ್ತೇವೆ ಬಿಡಪ್ಪ ಎಂದರು. ಕೆಲವರು ನಿಂಗಣ್ಣನೇ ಇಲ್ಲದ ಮೇಲೆ ನಿನ್ನ ಮೇಲೇನು ಕೋಪ ಎಂದರು. ಅವನು ಯಾರ ಮಾತನ್ನೂ ಕೇಳಲಿಲ್ಲ. ಬಿರುಕು ಬಿಟ್ಟ ಪಾಲೀಶನ್ನು ಕೆರೆದರೆ ಅದರ ಜೊತೆ ಅಣ್ಣನ ಅಕ್ಷರ ಬರುತ್ತದೆ. ಕೆರೆಯದಿದ್ದರೆ ಬೋರ್ಡು ಓದಲು ಆಗುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ. ಅಕ್ಷರದ ಮೇಲೆ ತೆಳು ಕಾಗದ ಹಾಸಿ, ಅಂಚಿನ ಗುಂಟ ಸೂಜಿಯಲ್ಲಿ ಚುಚ್ಚಿ ಇಟ್ಟುಕೊಳ್ಳುವುದು. ಹಲಗೆ ಕೆರೆದು ಹೊಸ ಅಸ್ತರು ಹೊಡೆದ ಮೇಲೆ ಅದೇ ಕಾಗದ ಹಾಸಿ ಸೀಮೆಸುಣ್ಣದ ಪುಡಿ ತಟ್ಟುವುದು. ತೂತಿನಿಂದ ಇಳಿದ ಚುಕ್ಕಿಗಳನ್ನು ಕೂಡಿಸಿ ತಾನೇ ಬರೆಯುವುದು.

ನಾನು ಕಾಲೇಜಿಗೆ ಹೋಗುವಾಗ ಬರುವಾಗ ನೋಡುತ್ತಿದ್ದೆ. ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಉಳಿಯಿಂದ ಕೆರೆಯುತ್ತಿದ್ದ. ಕೆಂಪು, ನೀಲಿ, ಹಳದಿ ಸಿಪ್ಪೆಗಳು ಪಂಚೆಯ ಮೇಲೆ ಬೀಳುತ್ತಿದ್ದವು. ಅವುಗಳನ್ನು ಕೊಡವುತ್ತಿರಲಿಲ್ಲ. ಸಂಜೆ ಕೂಡಿಸಿ ಒಂದು ಹಳೆಯ ವಾರ್ನಿಷ್ ಡಬ್ಬಕ್ಕೆ ತುಂಬುತ್ತಿದ್ದ. ಹೊಸದಾಗಿ ಬರೆದ ‘ಶ್ರೀ’ ಅಳತೆಯಲ್ಲಿ ಅಣ್ಣನದೇ, ಆದರೆ ನವಿಲು ಕತ್ತು ತಿರುಗಿಸುತ್ತಿರಲಿಲ್ಲ. “ಕ್ವಾಳಿ ಆಗೋಯ್ತು” ಎಂದು ತಾನೇ ನಗುತ್ತಿದ್ದ. ಬೆನ್ನಿಗೆ, ತುದಿಗೆ, ಮುಖಕ್ಕೆ ಒಣಗಲು ಬೇಕಾದಷ್ಟು ಕಾಲ ಕೊಟ್ಟು ಹಳೆಯ ಪದ್ಧತಿಯಂತೆಯೇ ವಾರ್ನಿಷ್ ಹೊಡೆದ ಬೋರ್ಡುಗಳವು. ಅಂಥ ಗಟ್ಟಿ ಕೆಲಸ ಅವನು ಎಂದೂ ಮಾಡಿರಲಿಲ್ಲ. ಆ ಕೋಳಿಗಳು ಕೆ.ಆರ್. ಪೇಟೆಯಲ್ಲೂ ಶ್ರೀರಂಗಪಟ್ಟಣದಲ್ಲೂ ಬಹಳ ವರ್ಷ ಬಾಳುತ್ತವೆ.

ನನ್ನ ಬಗ್ಗೆ ಅವನಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಮೊದಲಿನಂತೆಯೇ ‘ಲಾಯ್ರಮ್ಮ’ ಎಂದು ಕರೆಯುತ್ತಿದ್ದ. ಆದರೆ ನನ್ನ ಜೊತೆ ವಾದ ಮಾಡುವುದನ್ನು ಬಿಟ್ಟುಬಿಟ್ಟ. ಒಮ್ಮೆ ನಾನಾಗಿಯೇ ಕೆಣಕಿ, ನಾಳೆ ಅಮಾವಾಸ್ಯೆ, ಡಬ್ಬ ತೆರೆಯುತ್ತೀಯಾ ಎಂದೆ. “ತಗುದ್ರೆ ಏನಾಯ್ತದೆ? ನೀನೇ ತೋರ್ಸಿದ್ದಲ್ಲ, ಏನೂ ಆಗಾಕಿಲ್ಲ ಅಂತ” ಎಂದು ಉಜ್ಜುವುದನ್ನು ಮುಂದುವರಿಸಿದ. ಆ ಉತ್ತರ ನನಗೆ ಬೇಕಿರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಉಳಿದದ್ದು ಒಂದೇ ಬೋರ್ಡು. ನಾಗಮಂಗಲದ ಆಚೆ ಬಿಂಡಿಗನವಿಲೆಯಲ್ಲಿ ಈರಕ್ಕ ಎಂಬವರು ಕಂಬಳಿ ಮಾರುವ ಅಂಗಡಿ ಇಟ್ಟಿದ್ದರು. ಅವರಿಂದ ದೂರೂ ಬಂದಿರಲಿಲ್ಲ, ಸುದ್ದಿಯೂ ಇರಲಿಲ್ಲ. ಆ ಬೋರ್ಡಿನಲ್ಲಿ ನಿಂಗಣ್ಣ ಅಕ್ಷರದ ಪಕ್ಕ ಒಂದು ಟಗರಿನ ಚಿತ್ರ ಬರೆದಿದ್ದ. ಚಿತ್ರವನ್ನು ಸೂಜಿಯಲ್ಲಿ ಚುಚ್ಚಲು ಒಬ್ಬರು ಕಾಗದ ಹಿಡಿದುಕೊಳ್ಳಬೇಕು, ಬರುತ್ತೀಯಾ ಅಂದ. ನಾನು ತಕ್ಷಣ ಒಪ್ಪಿದೆ. ನನಗೆ ಒಂದು ಆಸೆಯಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು, ಅವನ ಪರವಾಗಿ ವಾದ ಮಾಡಿ ಅವನನ್ನು ಬಿಡಿಸಿಬಿಡಬೇಕು ಎಂದು.

ದಾರಿಯುದ್ದಕ್ಕೂ ವಾದಿಸಿದೆ. ಹಬ್ಬಕ್ಕೇ ಬೇಕೆಂದು ಕತ್ತಿನ ಮೇಲೆ ಕುಳಿತವರು ಗಿರಾಕಿಗಳು. ಹಬ್ಬದ ದಿನ ನೀರು ಸುರಿದು ತೊಳೆದವರೂ ಅವರೇ, ಅರಗಿಗೆ ನೀರು ಆಗುವುದಿಲ್ಲ. ಆ ವರ್ಷದ ಬಿಸಿಲೂ ಹೆಚ್ಚು. ಹೀಗೆ ತಪ್ಪನ್ನು ಪಾಲು ಮಾಡಿದರೆ ಚಲುವಣ್ಣನ ಪಾಲಿಗೆ ಬರುವುದು ಎಷ್ಟು? ಅವನು ಕಿಟಕಿಯಾಚೆ ರಾಗಿ ಹೊಲ ನೋಡುತ್ತ ಕೇಳಿಸಿಕೊಂಡ. ನಾಗಮಂಗಲದಲ್ಲಿ ಬಸ್ಸು ಬದಲಿಸುವಾಗ ಕಡಲೆಕಾಯಿ ಕೊಡಿಸಿ, ಗಂಟಲು ನೋಯುತ್ತದೆ ಸ್ವಲ್ಪ ತಿನ್ನು ಅಂದ.

ಈರಕ್ಕನ ಅಂಗಡಿ ಬಸ್ಸು ನಿಲ್ಲುವ ಜಾಗದಿಂದ ಕಾಣುತ್ತಿತ್ತು. ಮಡಿಸಿಟ್ಟ ಕರಿಕಂಬಳಿಗಳ ವಾಸನೆ ಬೀದಿಗೇ ಬರುತ್ತಿತ್ತು. ಚಾಚಿದ ಸೂರಿನ ಅಡಿಯಲ್ಲಿ ಬೋರ್ಡು ತೂಗುತ್ತಿತ್ತು. ನೀಲಿಯಲ್ಲಿ ‘ಶ್ರೀ ಬೀರೇಶ್ವರ ಕಂಬಳಿ ಅಂಗಡಿ’, ಪಕ್ಕದಲ್ಲಿ ಕೊಂಬು ಸುತ್ತಿದ ಟಗರು. ಒಂದೇ ಒಂದು ಬಿರುಕಿರಲಿಲ್ಲ. ನವಿಲು ಕತ್ತು ತಿರುಗಿಸಿತ್ತು.

ಚಲುವಣ್ಣ ಸ್ಟೂಲು ಕೇಳಿ ಹತ್ತಿದ. ಬೋರ್ಡನ್ನು ಮುಟ್ಟಿದವನು ಹಾಗೇ ನಿಂತ. “ಇದ್ಕೆ ಪಾಲೀಸೇ ಒಡ್ದಿಲ್ಲ” ಅಂದ, ತನಗೇ ಹೇಳಿಕೊಂಡಂತೆ.

ಈರಕ್ಕ ಬಾಯಿಯ ಎಲೆಯಡಿಕೆ ಉಗಿದು ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಚಲುವಣ್ಣ ಯಾರೆಂದು ತಿಳಿದ ಕೂಡಲೇ ತರಾಟೆಗೆ ತೆಗೆದುಕೊಂಡರು.

“ಈಗ ಬಂದ್ಯಾ? ಯಾವಾಗ್ಲಿಂದ ಕಾಯ್ತಾ ಇವ್ನಿ ನಾನು. ನಿಮ್ಮಣ್ಣ ಔಸ್ದಿಗೆ ಅಂತ ಈ ಕಡೀಕೆ ಬಂದೋನು ತಾನೇ ಒತ್ಕೊಂಡ್ ಬಂದು ಕೊಟ್ಟ. ಕಣ್ಣೆಲ್ಲ ಅರಿಶ್ಣ ಆಗಿತ್ತು, ಪಾಪ. ‘ಬಣ್ಣ ಇನ್ನೂ ಅಸಿ ಅದೆ ಕಣಕ್ಕ, ನೀರ್ ತಾಕುಸ್ಬೇಡ, ಸೂರ್ನಡಿಗೆ ಮಡಗು. ಒಣುಗ್ದ ಮ್ಯಾಲೆ ನನ್ ತಮ್ಮ ಬಂದು ವಾರ್ನಿಸ್ ಒಡೀತಾನೆ. ಆ ಕೆಲ್ಸ ಅವನ್ನ ಬುಟ್ರೆ ಇನ್ಯಾರ್ಗೂ ಬರಾಕಿಲ್ಲ’ ಅಂದ. ಅದ್ಕೇ ಆಯುಧಪೂಜೆಗೂ ತೊಳೀದೆ ಬರೀ ಊವ ಮುಡ್ಸಿದೀನಿ.”

ಚಲುವಣ್ಣ ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕುಳಿತ. ಆ ಅವಸರದಲ್ಲಿ ಈ ಬೋರ್ಡೂ ತನ್ನ ಕೈ ದಾಟಿಯೇ ಹೋಯಿತೆಂದು ಅವನು ನಂಬಿದ್ದ. ಬಾಯಿ ಮುಚ್ಚಿಸಿಕೊಂಡಿದ್ದ ಅಣ್ಣ ಒಂದನ್ನು ಅವನಿಗೆ ಹೇಳದೆ ಎತ್ತಿಟ್ಟಿದ್ದ. ತಮ್ಮನಿಂದ ಉಳಿಸಿದ್ದ, ತಮ್ಮನಿಗೇ ಎಂದು ಉಳಿಸಿದ್ದ.

ಕಾಗದ, ಸೂಜಿ, ಸೀಮೆಸುಣ್ಣದ ಪುಡಿ ಯಾವುದೂ ಬೇಕಾಗಲಿಲ್ಲ. ಇಲ್ಲಿ ಕೆರೆಯುವಂಥದೇ ಇರಲಿಲ್ಲ. ಬೋರ್ಡನ್ನು ಇಳಿಸಿ ಎರಡು ಕಲ್ಲಿನ ಮೇಲೆ ಮಲಗಿಸಿದೆವು. ಬೆನ್ನನ್ನು ಉಜ್ಜಿ ವಾರ್ನಿಷ್ ಹೊಡೆದ. ತುದಿಗಳಿಗೆ ಹೊಡೆದ, ಕುಡಿಯುವಷ್ಟು ಕುಡಿಸಿದ. ಎಷ್ಟೋ ತಿಂಗಳ ಮೇಲೆ ಅವನ ಕೈಯಲ್ಲಿ ಹಳೆಯ ಓಟ ಕಂಡಿತು. ಬೆನ್ನು ಆರಿದ ಮೇಲೆ ಬೋರ್ಡನ್ನು ಮಗುಚಿ, ಕುಂಚ ಅದ್ದಿ, ‘ಶ್ರೀ’ಯ ಮೇಲೆ ತಂದು ನಿಲ್ಲಿಸಿದ. ಕುಂಚದ ತುದಿಯಿಂದ ಒಂದು ಹನಿ ಬೀಳುವುದರಲ್ಲಿತ್ತು. ಅಂಗೈ ಒಡ್ಡಿ ಅದನ್ನು ಹಿಡಿದುಕೊಂಡ. ಕುಂಚವನ್ನು ಡಬ್ಬಕ್ಕೆ ಹಾಕಿಬಿಟ್ಟ.

ನಾನು ಬಾಯಿ ತೆರೆದೆ. ಬಣ್ಣ ಪೂರ್ತಿ ಒಣಗಿದೆ, ಮಳೆ ನಿಂತಿದೆ, ವಾರ್ನಿಷ್ ಸರಿಯಾದದ್ದು, ಅಣ್ಣನೇ ಹೇಳಿ ಹೋಗಿದ್ದಾನೆ, ಹೊಡೆಯದೆ ಬಿಟ್ಟರೆ ಬಿಸಿಲಿಗೆ ಬಣ್ಣ ಪುಡಿಯಾಗುತ್ತದೆ ಎಂದು ಒಂದೊಂದಾಗಿ ಮುಂದಿಟ್ಟೆ. ಅವನು ಎಲ್ಲದಕ್ಕೂ ತಲೆಯಾಡಿಸಿದ. “ನೀನು ಏಳೋದೆಲ್ಲ ಸರಿ ಕಣವ್ವ. ಕೈ ಓಯ್ತಾ ಇಲ್ಲ” ಅಂದ.

ನನ್ನ ಕೊನೆಯ ಬಸ್ಸಿನ ಹೊತ್ತಾಗಿತ್ತು. ತಾನು ಈರಕ್ಕನ ಮನೆಯ ಜಗಲಿಯಲ್ಲಿ ಉಳಿದು ನಾಳೆ ನೋಡುತ್ತೇನೆ ಎಂದು ನನ್ನನ್ನು ಬಸ್ಸಿಗೆ ಬಿಡಲು ಬಂದ. ನಿಲ್ದಾಣದ ಕಟ್ಟೆಯ ಮೇಲೆ ನಾನು ಕೊನೆಯ ಬಾರಿಗೆ ಪ್ರಯತ್ನಿಸಿದೆ. ಅವತ್ತು ತೋರಿಸಿದ ಎರಡು ಹಲಗೆಗಳನ್ನು ಮರೆತುಬಿಡು, ಒಂದೇ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ, ಮರವೇ ಬೇರೆ ಇತ್ತೋ ಏನೋ ಎಂದೆ. ನನ್ನ ಜೀವನದಲ್ಲಿ ನಾನೇ ಗೆದ್ದ ವಾದವನ್ನು ನಾನೇ ಕೆಡವಲು ನೋಡಿದ್ದು ಅದೊಂದೇ ಸಲ.

“ನೀನು ತೋರ್ಸೋಕೆ ಮುಂಚೇನೇ ನಂಗೆ ಗೊತ್ತಿತ್ತು ಕಣವ್ವ. ಯಾರೂ ಬಾಯ್ಬಿಟ್ಟು ಏಳ್ದೆ ಇದ್ರೆ, ನಾನೂ ಗೊತ್ತಿಲ್ದೋನಂಗೆ ಇದ್ಬುಡನಾ ಅಂತ ಇದ್ದೆ. ಈಗ ನೀನೇ ಆ ತಪ್ಪನ್ನ ನನ್ನಿಂದ ಕಿತ್ಕೋಬ್ಯಾಡ. ಅವನು ಅಸಿ ಅದೆ ಅಂದ. ನಾನು ಸುಮ್ಕಿರು ಅಂದೆ. ಅವನ್ತಾವ ನಾನು ಸರ್ಯಾಗಿ ಆಡಿದ್ ಕಡೇ ಮಾತು ಅದು. ತಪ್ಪು ನಂದಲ್ಲ ಅಂದ್ಬುಟ್ರೆ, ಆ ಮಾತೂ ನಂದಲ್ಲ ಅಂದಂಗಾಯ್ತದೆ.”

ಬಸ್ಸು ಬಂತು. ಕಂಡಕ್ಟರಿಗೆ, ನಮ್ಮ ಹುಡುಗಿ, ಪಾಂಡವಪುರದ ಬಸ್ಸು ಹತ್ತಿಸಿಬಿಡಿ ಎಂದು ಎರಡು ಸಲ ಹೇಳಿದ. ಕಿಟಕಿಯ ಬಳಿ ನಿಂತು ಇನ್ನೇನೋ ಹೇಳಲು ಹೊರಟವನು ಬಸ್ಸಿನ ಪಕ್ಕದ ಬಣ್ಣ ಎದ್ದಿರುವುದನ್ನು ಕಂಡು ಅದನ್ನೇ ಬೆರಳಿನಿಂದ ಸವರುತ್ತ ನಿಂತ. ನಾನು ಅವನನ್ನು ನೋಡಿದ್ದು ಅದೇ ಕೊನೆ.

ಕೆಲವು ದಿನಗಳಾದ ಮೇಲೆ ಬಂದು ಕೊಠಡಿ ಖಾಲಿ ಮಾಡಿದ. ನಾನು ಆಗ ಮೈಸೂರಿನಲ್ಲಿ ಯಾವುದೋ ವೇದಿಕೆಯ ಮೇಲೆ ಮೇಜು ಕುಟ್ಟುತ್ತಿದ್ದೆ. ಲಾಯ್ರಮ್ಮಂಗೆ ಹೇಳಿ ಎಂದಷ್ಟೇ ಅಮ್ಮನಿಗೆ ಹೇಳಿದನಂತೆ. ಏನು ಹೇಳಬೇಕೆಂದು ಹೇಳಲಿಲ್ಲವಂತೆ. ಕೆ.ಆರ್. ಪೇಟೆಯ ಕಡೆ ಮರ ಕೊಯ್ಯುವ ಮಿಲ್ಲೊಂದರಲ್ಲಿದ್ದಾನೆ ಎಂದು ಆಮೇಲೆ ಕೇಳಿದೆ. ಹುಡುಕಿಕೊಂಡು ಹೋಗಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ಏನು ಮಾತಾಡಬೇಕೆಂದು ತಿಳಿಯದೆ ಒಂದು ಕಡೆಗೆ ಹೋಗುವ ಅಭ್ಯಾಸ ನನಗಿಲ್ಲ, ಅಷ್ಟೇ.

ಮೊನ್ನೆ ನಾಗಮಂಗಲದಲ್ಲಿ ಹುಡುಗರ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದಿದ್ದರು. ಮುಗಿದ ಮೇಲೆ ಪಾಂಡವಪುರದ ಬಸ್ಸು ಬಿಟ್ಟು ಬಿಂಡಿಗನವಿಲೆಯ ಬಸ್ಸು ಹತ್ತಿದೆ. ಬೋರ್ಡು ಅದೇ ಸೂರಿನಡಿಯಲ್ಲಿತ್ತು. ದೂರದಿಂದಲೇ ಅದರ ಅಂಚು ಹೊಸ ವಾರ್ನಿಷ್ಷಿನಲ್ಲಿ ಹೊಳೆಯುತ್ತಿತ್ತು. ಮುಖಕ್ಕೆ ಹೊಳಪಿರಲಿಲ್ಲ. ನೀಲಿ ಮಾಸಿತ್ತು. ಟಗರಿನ ಒಂದು ಕೊಂಬು ಇದೆಯೋ ಇಲ್ಲವೋ ಎನ್ನುವಂತಿತ್ತು.

ಈರಕ್ಕ ನನ್ನ ಗುರುತು ಹಿಡಿದು ಮಣೆ ಹಾಕಿದರು. ಚಲುವಣ್ಣ ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ತಪ್ಪದೆ ಬರುತ್ತಾನಂತೆ. ಇಳಿಸಿ, ಬೆನ್ನು ಉಜ್ಜಿ, ತುದಿಗೆ ಕುಡಿಸಿ, ಎಲ್ಲ ಮಾಡುತ್ತಾನಂತೆ. ಮುಖದ ಕಡೆಗೆ ತಿರುಗಿಸಿದರೆ ಹೆಬ್ಬೆಟ್ಟು ಇಟ್ಟು ನೋಡಿ, ಇನ್ನೂ ಒಣಗಿಲ್ಲ ಅಕ್ಕ, ಬರುವ ವರ್ಷ ನೋಡೋಣ ಎಂದು ಮತ್ತೆ ಏರಿಸಿ ಹೋಗುತ್ತಾನಂತೆ.

“ಎಂಥ ಬಣ್ಣಾನವ್ವ ಅದು, ಇಷ್ಟ್ ವರ್ಸ ಒಣಗ್ದೆ ಇರೋದು? ನಾನೇನೋ ಓದ್ದೋಳಲ್ಲ. ನೀನು ಮುಟ್ಟಿ ನೋಡು. ಒಣಗಿದ್ರೆ ಬಾಯ್ಬುಟ್ಟು ಏಳು, ಈ ಸಲ ಬಂದಾಗ ಇಡ್ದು ಕುಂಡ್ರುಸ್ಕೊಂಡು ಒಡುಸ್ತೀನಿ.”

ಸ್ಟೂಲು ಹತ್ತಿದೆ. ‘ಶ್ರೀ’ಯ ಕತ್ತಿನ ಮೇಲೆ ಹೆಬ್ಬೆರಳು ಇಟ್ಟೆ. ಬಣ್ಣ ಕಲ್ಲಿನಂತೆ ಗಟ್ಟಿಯಾಗಿತ್ತು. ಬೆರಳು ತೆಗೆದಾಗ ತುದಿಗೆ ನೀಲಿ ಪುಡಿ ಅಂಟಿತ್ತು. ಹೀಗೇ ಬಿಟ್ಟರೆ ಎಷ್ಟು ವರ್ಷ ಉಳಿದೀತು ಎಂದು ಹೇಳಲು ಯಾವ ಪ್ರಯೋಗವೂ ಬೇಕಿರಲಿಲ್ಲ.

ಈರಕ್ಕ ಕೆಳಗೆ ಕತ್ತೆತ್ತಿ ನಿಂತಿದ್ದರು.

ಬೆರಳನ್ನು ಸೆರಗಿಗೆ ಒರೆಸಿಕೊಂಡೆ. “ಇನ್ನೂ ಸ್ವಲ್ಪ ಹಸಿ ಇದೆ ಅಕ್ಕ” ಅಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸ್ಟೂಲು ಅಲುಗದಂತೆ ಹಿಡಿದುಕೊಂಡು, “ಅಂಗಾರೆ ಬರೋ ವರ್ಸಾನೂ ಬರ್ಲಿ ಬುಡು” ಅಂದರು.